ಮೂರು ಗೆರೆಯ ತೊಲೆಗಳು

"ದಾಂಡೇಲಿಯಲ್ಲಿ ಹಿಂದೆ ಒಬ್ಬ ಹುಚ್ಚನಿದ್ದನಂತೆ. ಪರದೇಶದ ಬಂದರಿಗೆ ಹೋಗಬೇಕಾದ ಸಾಗುವಾನಿ ತೊಲೆಗಳನ್ನು ಪರೀಕ್ಷಿಸುವ ಕೆಲಸವನ್ನು ಅವನಿಗೆ ಕೊಟ್ಟಿದ್ದರಂತೆ. ಅವನು ಕೊಳೆತ ತೊಲೆಗಳಿಗೆಲ್ಲ ವಿಭೂತಿ ಹಚ್ಚಿ, ಪಾಸು ಮಾಡಿ, ಹಡಗು ಹತ್ತಿಸಿದನಂತೆ. ಅವುಗಳಿಂದ ಅಲ್ಲಿ ಕಟ್ಟಿದ ಹಡಗಿನ ಧಕ್ಕೆ ಮುರಿದು ಸಮುದ್ರಕ್ಕೆ ಬಿತ್ತಂತೆ."

ಇದು ನಮ್ಮ ಕಡೆ ಚಹಾದಂಗಡಿಗಳಲ್ಲಿ, ಬಸ್ಸು ತಡವಾದಾಗ ಹೇಳಿ ನಗುವ ಕಥೆ. ನಾಲ್ಕು ವಾಕ್ಯ, ನಾಲ್ಕು 'ಅಂತೆ'. ಕನ್ನಡದಲ್ಲಿ ಈ 'ಅಂತೆ' ಎಂಬುದೊಂದು ಅದ್ಭುತ ಸೌಕರ್ಯ. ಅದನ್ನು ಕ್ರಿಯಾಪದದ ಬಾಲಕ್ಕೆ ಕಟ್ಟಿಬಿಟ್ಟರೆ ಹೇಳಿದವನಿಗೆ ಹೊಣೆಯಿಲ್ಲ, ಕೇಳಿದವನಿಗೆ ಸಂಶಯವಿಲ್ಲ, ಸತ್ತವನಿಗೆ ಮಾತ್ರ ಮಾನವಿಲ್ಲ! ಈಚೆಗೆ ಒಂದು ಸ್ಮರಣ ಸಂಚಿಕೆಯಲ್ಲಿ ಈ ಕಥೆ ಅಚ್ಚಾಯಿತು. ಅಚ್ಚಾಗುವಾಗ 'ಅಂತೆ'ಗಳೆಲ್ಲ ಉದುರಿಹೋಗಿ 'ಹತ್ತಿಸಿದನು', 'ಬಿತ್ತು' ಎಂದು ಇತಿಹಾಸವೇ ಆಗಿಬಿಟ್ಟಿತು. ಬರೆದ ಮಹನೀಯರಿಗೆ ನಾನು ಪತ್ರ ಬರೆದು ಆಧಾರವೇನೆಂದು ಕೇಳಿದೆ. 'ಹಿರಿಯರಿಂದ ಕೇಳಿದ್ದು' ಎಂದು ಉತ್ತರ ಬಂತು. ಯಾವ ಹಿರಿಯರಿಂದ? ನನಗೀಗ ಎಂಬತ್ತೈದು ದಾಟಿದೆ. ನನಗಿಂತ ಹಿರಿಯರು ಇಲ್ಲಿ ಎಷ್ಟು ಜನ ಉಳಿದಿದ್ದಾರೆಂದು ಬೆರಳಲ್ಲಿ ಎಣಿಸಿ ತೋರಿಸಬಲ್ಲೆ. ಅವರಲ್ಲಿ ಯಾರೂ ಆ ಮನುಷ್ಯನನ್ನು ಕಂಡವರಲ್ಲ. ಇಬ್ಬರಿಗಂತೂ ನಾನೂ ಸರಿಯಾಗಿ ಕಾಣಿಸುವುದಿಲ್ಲ.

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೇ ಶಾಲೆ ಮುಗಿಸಿದವನು. ಮುಂದಿನದನ್ನೆಲ್ಲ ಶಬ್ದಕೋಶ ಎದುರಿಗಿಟ್ಟುಕೊಂಡು ನಾನೇ ಓದಿಕೊಂಡೆ. ಹೀಗೆ ಓದಿದವನಿಗೆ ಒಂದು ಕೆಟ್ಟ ಚಟ ಅಂಟುತ್ತದೆ: ಯಾರು ಏನು ಹೇಳಿದರೂ 'ಎಲ್ಲಿದೆ, ತೋರಿಸಿ' ಎನ್ನುವುದು. ಆದ್ದರಿಂದ ಮೇಲಿನ ನಾಲ್ಕು ವಾಕ್ಯಗಳನ್ನೂ ಒಂದೊಂದಾಗಿ ನೋಡಿದ್ದೇನೆ. ಮೊದಲನೆಯದು ನಿಜ. ಹುಚ್ಚನಿದ್ದ. ಎರಡನೆಯದೂ ನಿಜ. ಉಳಿದ ಎರಡು ಶುದ್ಧ ಸುಳ್ಳು. ಆ ಹುಚ್ಚ ನನ್ನ ಸೋದರಮಾವ. ಮುಂದೆ ಮಗಳನ್ನು ಕೊಟ್ಟು ಮಾವನೂ ಆದ. ಒಂದೇ ಮನುಷ್ಯ ಎರಡು ದಾರಿಯಿಂದ ನನ್ನ ತಲೆಯ ಮೇಲೆ ಬಂದು ಕೂತಿದ್ದ!

ಅವನ ಹುಚ್ಚು ಎಂಥದು? ಬಡಿಯುವುದು. ಮನುಷ್ಯರನ್ನಲ್ಲ, ವಸ್ತುಗಳನ್ನು. ಒಮ್ಮೊಮ್ಮೆ ಮನುಷ್ಯರನ್ನೂ. ಬಲಗೈಯ ನಡುಬೆರಳಿನ ಗೆಣ್ಣಿನ ಮೇಲೆ ಕಡಲೆಕಾಳಿನಷ್ಟು ಜಡ್ಡು ಬೆಳೆದಿತ್ತು. ಯಾರ ಮನೆಗೆ ಹೋದರೂ ಮೊದಲು ಬಾಗಿಲ ಚೌಕಟ್ಟಿಗೆ ಮೂರು ಪೆಟ್ಟು ಕೊಟ್ಟು, ತಲೆ ಓರೆಮಾಡಿ ಆಲಿಸಿ, ಆಮೇಲೆ ಹೊಸ್ತಿಲು ದಾಟುತ್ತಿದ್ದ. ಕುರ್ಚಿ ಕೊಟ್ಟರೆ ಅದರ ನಾಲ್ಕೂ ಕಾಲುಗಳನ್ನು ಬಡಿದ ಹೊರತು ಕೂರುತ್ತಿರಲಿಲ್ಲ. ಇಷ್ಟರಲ್ಲಿ ಚಹಾ ಆರಿರುತ್ತಿತ್ತು. ಆರಿದ ಚಹಾ ಕೊಟ್ಟರೆಂದು ಸಿಟ್ಟಾಗುತ್ತಿದ್ದ.

ಹಳಿಯಾಳದ ವ್ಯಾಪಾರಸ್ಥರೊಬ್ಬರು ಹೊಸ ಮನೆ ಕಟ್ಟಿಸಿ ಊಟಕ್ಕೆ ಕರೆದಿದ್ದರು. ಪಂಕ್ತಿಯಲ್ಲಿ ಕೂತಿದ್ದ ಮಾವ ನಡುವೆಯೇ ಎದ್ದು ಹೋಗಿ ಪಡಸಾಲೆಯ ಕಂಬವನ್ನು ಬಡಿದ. ಮರಳಿ ಬಂದು, ಬಡಿಸಿದ ಎಲೆಯನ್ನು ಎರಡೂ ಕೈಯಿಂದ ಎತ್ತಿಕೊಂಡು ಅಂಗಳಕ್ಕೆ ಹೋಗಿ ಬಿಸಿಲಲ್ಲಿ ಕೂತ. ಯಜಮಾನರು ಗಾಬರಿಯಿಂದ ಹೊರಗೆ ಬಂದು ಕಾರಣ ಕೇಳಿದರು. ಹೋಳಿಗೆಯನ್ನು ತುಪ್ಪದಲ್ಲಿ ಅದ್ದುತ್ತ ಮಾವ ಹೇಳಿದ: "ಊಟ ಭಾಳ ಛಲೋ ಐತ್ರಿ. ಕಂಬ ಛಲೋ ಇಲ್ಲ. ಎರಡನ್ನೂ ಒಂದ ಛಪ್ಪರದಾಗ ಕೂಡಿಸಬಾರದು."

ಆ ಕಂಬ ಇಂದಿಗೂ ನಿಂತಿದೆಯೆಂದು ಮಾವನನ್ನು ಹಂಗಿಸುವವರಿದ್ದಾರೆ. ನಾನು ಹೋಗಿ ನೋಡಿ ಬಂದಿದ್ದೇನೆ. ಕಂಬವೇನೋ ನಿಂತಿದೆ, ಸುತ್ತಲೂ ಬಿಗಿದ ಕಬ್ಬಿಣದ ಪಟ್ಟಿಗಳ ಆಸರೆಯಲ್ಲಿ. ಪಟ್ಟಿ ಬಿಗಿಸಿದ್ದು ಯಾವಾಗ, ಯಾಕೆ ಎಂದು ಕೇಳಿದರೆ ಮಾತ್ರ ಮನೆಯವರು ಮಳೆ-ಬೆಳೆಯ ವಿಷಯ ತೆಗೆಯುತ್ತಾರೆ!

ಇಂಥವನ ಮಗಳನ್ನು ಮದುವೆಯಾಗಲು ಹೊರಟ ನನ್ನ ಗತಿ ಏನಾಗಿರಬೇಕು? ಹೆಣ್ಣು ನೋಡುವ ಶಾಸ್ತ್ರವನ್ನು ನೀವೆಲ್ಲ ಕೇಳಿದ್ದೀರಿ. ಸನವಳ್ಳಿಯ ಅವರ ಹಳೆಯ ಮನೆಯಲ್ಲಿ ಅಂದು ನಡೆದದ್ದು ಗಂಡು ಬಡಿಯುವ ಶಾಸ್ತ್ರ. ಬಂಧುಗಳೆಲ್ಲ ಅವಲಕ್ಕಿ ತಿನ್ನುತ್ತಿದ್ದಾಗ ಮಾವ ನನ್ನನ್ನು ಹತ್ತಿರ ಕರೆದ, ಅಂಗಿ ತೆಗೆಸಿದ, ಎದೆಗೆ ಎರಡು, ಬೆನ್ನಿಗೆ ಎರಡು ಪೆಟ್ಟು ಕೊಟ್ಟು ಕಿವಿ ಹಚ್ಚಿದ. ಕೂತವರೆಲ್ಲ ಅಗಿಯುವುದನ್ನು ನಿಲ್ಲಿಸಿದರು.

"ಗಟ್ಟಿ ಇಲ್ಲ. ಆದ್ರ ಹುಳಾ ಬಿದ್ದಿಲ್ಲ. ಒಳಗ ಇಟ್ಟರ ಬಾಳಿಕಿ ಬರತೈತಿ, ಮಳಿಯಾಗ ಹಾಕಬಾರದು."

ಬಾಗಿಲ ಹಿಂದಿನಿಂದ ಒಂದು ನಗೆ ಕೇಳಿಸಿತು. ಆ ನಗೆಯೊಂದಿಗೆ ಅರವತ್ತು ವರ್ಷ ಸಂಸಾರ ಮಾಡಿದ್ದೇನೆ. ಮಳೆಗಾಲದಲ್ಲಿ ಪೇಟೆಗೆ ಹೋಗಲು ನಾನು ಮೈಗಳ್ಳತನ ಮಾಡಿದರೆ ನನ್ನ ಹೆಂಡತಿ ಇಂದಿಗೂ ಅನ್ನುತ್ತಾಳೆ: "ಇರ್ಲಿ ಬಿಡ್ರಿ, ನಮ್ಮಪ್ಪ ಮದಲ ಹೇಳಿದ್ದ."

ಹೆಣ್ಣನ್ನು ಕೊಟ್ಟ ಮಾವ ನನಗೊಂದು ಕೆಲಸವನ್ನೂ ಹಚ್ಚಿಕೊಟ್ಟ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ತೊಲೆಗಳ ಮಾತು.

ಗೋವಾ ಬಿಡುಗಡೆಯಾಗಿ ಮುರಗಾಂವ ಬಂದರಿನ ರೈಲುದಾರಿ ತೆರೆದ ಮೇಲಿನ ಕಾಲವದು. ಸಮುದ್ರದಾಚೆಯ ಅರಬರ ಊರೊಂದರಲ್ಲಿ ಹಡಗು ನಿಲ್ಲುವ ಧಕ್ಕೆಯನ್ನು ಕಟ್ಟುವವರಿದ್ದರು. ಅದಕ್ಕೆ ನೀರಿನಲ್ಲಿ ಹುಗಿಯುವ ಕಂಬಗಳು, ಮೇಲೆ ಹಾಸುವ ತೊಲೆಗಳು ನಮ್ಮ ಕಾಡಿನ ಸಾಗುವಾನಿಯವೇ ಆಗಬೇಕೆಂದು ಗೊತ್ತಾಯಿತು. ಒಬ್ಬ ಗುತ್ತಿಗೆದಾರರು ಅದನ್ನು ಹಿಡಿದರು. ಅವರು ಮುಂಬಯಿಯಲ್ಲೇ ಇರುತ್ತಿದ್ದರು. ಅವರ ಪರವಾಗಿ ಒಬ್ಬ ಏಜೆಂಟ ದಾಂಡೇಲಿಯ ಬಗಲಿನ ಅಂಬೇವಾಡಿ ಸ್ಟೇಶನ್ನಿನ ಬದಿಗೆ ತೊಲೆಗಳ ಅಡ್ಡೆ ಹಾಕಿದ. ಕಟ್ಟುವವರ ಕಡೆಯಿಂದ ಬಿಳಿಯ ಇಂಜಿನಿಯರನೊಬ್ಬ ಬಂದು ಇಳಿದ. ಯಾವ ದೇಶದವನೋ! ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರವಾಗಿದ್ದುದರಿಂದ ಹಮಾಲರು ಅವನಿಗೆ ಲಂಬೂ ಸಾಹೇಬ ಎಂದು ಹೆಸರಿಟ್ಟರು. ತೊಲೆ ಆರಿಸಿಕೊಡಲು ಏಜೆಂಟ ನಮ್ಮ ಮಾವನನ್ನು ನೇಮಿಸಿದ; ಸರ್ಕಾರಿ ಅಡ್ಡೆಯಲ್ಲಿ ವರ್ಷಗಟ್ಟಲೆ ಕಟ್ಟಿಗೆ ಒಟ್ಟಿ ನಿವೃತ್ತನಾಗಿದ್ದ ಮನುಷ್ಯನಿಗಿಂತ ಬಲ್ಲವರು ಬೇರೆ ಯಾರಿದ್ದರು?

ಸಾಹೇಬನ ಹತ್ತಿರ ಅಂಗೈಯಗಲದ ಒಂದು ಯಂತ್ರವಿತ್ತು. ಅದರ ಎರಡು ಸೂಜಿಗಳನ್ನು ತೊಲೆಗೆ ಚುಚ್ಚಿದರೆ ಒಳಗಿನ ಹಸಿ ಎಷ್ಟೆಂದು ಮುಳ್ಳು ತೋರಿಸುತ್ತಿತ್ತು. ಮಾವನ ಹತ್ತಿರ ಇದ್ದದ್ದು ನಾಲಿಗೆ. ಅವನು ತೊಲೆಯ ಕೊಯ್ದ ಮುಖವನ್ನು ನೆಕ್ಕಿ ಹಸಿ ಹೇಳುತ್ತಿದ್ದ. ಆ ನಾಲಿಗೆ ಸದಾ ನೇರಳೆಯ ಬಣ್ಣಕ್ಕಿರುತ್ತಿತ್ತು. ಏಕೆಂದರೆ ಅವನು ಬರೆಯುತ್ತಿದ್ದುದು ಉಗುಳು ತಗಲಿಸಿದರೆ ಶಾಯಿಯಂತೆ ನೇರಳೆಯಾಗುವ ಆ ಕಾಲದ ಕಾಪಿ ಪೆನ್ಸಿಲಿನಿಂದ. ಒಬ್ಬ ಮುದುಕ ನೇರಳೆ ನಾಲಿಗೆ ಚಾಚಿ ಸಾಗುವಾನಿಯನ್ನು ನೆಕ್ಕುವುದನ್ನು ಕಂಡು ಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾವನಿಗೆ ಸಿಟ್ಟು ಬಂತು.

ಅವನು ಸಾಹೇಬನ ತೋಳು ಹಿಡಿದು ಎಳೆದುಕೊಂಡು ಹೋಗಿ ಒಂದು ತೊಲೆಯ ಈ ತುದಿಗೆ ಕೂರಿಸಿದ, ಅವನ ಕಿವಿಯನ್ನು ತೊಲೆಗೆ ಒತ್ತಿದ, ತಾನು ಆ ತುದಿಗೆ ಹೋಗಿ ಉಗುರಿನಿಂದ ಕೆರೆದ. ಇಪ್ಪತ್ತು ಮೊಳದಾಚೆಯ ಉಗುರಿನ ಸಪ್ಪಳ ಗಟ್ಟಿ ಮರದೊಳಗೆ ಹರಿದು ಬಂದು ಕಿವಿಯಲ್ಲೇ ಕೆರೆದಂತೆ ಕೇಳಿಸುತ್ತದೆ. ಸಾಹೇಬ ಬೆಚ್ಚಿ ಕಿವಿ ಮುಟ್ಟಿಕೊಂಡ. ಆಮೇಲೆ, ಯಂತ್ರವು ಉತ್ತಮವೆಂದಿದ್ದ ಇನ್ನೊಂದು ತೊಲೆ. ಮಾವ ಕೆರೆದ, ಸಾಹೇಬನಿಗೆ ಏನೂ ಕೇಳಿಸಲಿಲ್ಲ. ಮುದುಕ ಕೆರೆಯದೆ ಮೋಸ ಮಾಡುತ್ತಿದ್ದಾನೆಂದು ಎದ್ದು ಬಂದು ನೋಡಿದ. ಮಾವ ಸಿಟ್ಟಿನಿಂದ ಕೆರೆಕೆರೆದು ಉಗುರನ್ನೇ ಮುರಿದುಕೊಂಡಿದ್ದ! ತೊಲೆಯನ್ನು ನಡುವೆ ಕೊಯ್ಸಿದರು. ಒಳಗೆ ಟೊಳ್ಳು, ಟೊಳ್ಳಿನ ತುಂಬ ಕಪ್ಪು ಪುಡಿ, ಪುಡಿಯಲ್ಲಿ ಇರುವೆಗಳ ದೊಡ್ಡದೊಂದು ಸಂಸಾರ. ಸಾಹೇಬ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಂದಿನಿಂದ ಮಾವನ ಕಿವಿ ಒಪ್ಪದ ಒಂದು ತೊಲೆಯೂ ವ್ಯಾಗನ್ನು ಹತ್ತಕೂಡದೆಂದು ಅವನ ಅಪ್ಪಣೆಯಾಯಿತು.

ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಇಬ್ಬರೂ ದಿನವಿಡೀ ತೊಲೆಯ ಎರಡು ತುದಿಗಳಲ್ಲಿ ಕಿವಿ ಹಚ್ಚಿ ಮಲಗಿರುತ್ತಿದ್ದರು. ಒಂದು ದಿನ ಮಾವ, ಇಂಗ್ಲಿಷ್ ಬಲ್ಲ ಸ್ಟೇಶನ್ ಮಾಸ್ತರರ ಮೂಲಕ, ಆ ಧಕ್ಕೆಯ ಮೇಲೆ ಎಷ್ಟು ಮಂದಿ ನಿಲ್ಲುತ್ತಾರೆಂದು ಸಾಹೇಬನನ್ನು ಕೇಳಿಸಿದ. ಹಡಗು ಬಂದ ದಿನ ಊರಿಗೆ ಊರೇ ಬಂದು ನಿಲ್ಲುತ್ತದೆ, ಹೆಂಗಸರು ಮಕ್ಕಳು ಎಲ್ಲ, ಎಂದು ಉತ್ತರ ಬಂತು. ಆಮೇಲೆ ಮಾವನ ಹುಚ್ಚು ಇಮ್ಮಡಿಯಾಯಿತು. ಕಂಡೇ ಇಲ್ಲದ ಆ ಊರಿನ ಮಂದಿ ಅವನಿಗೆ ನೆಂಟರಂತಾಗಿಬಿಟ್ಟರು.

ಧಕ್ಕೆ ಉಪ್ಪುನೀರಿನಲ್ಲಿ ನಿಲ್ಲುವುದಲ್ಲವೆ? ಉಪ್ಪಿನಲ್ಲಿಟ್ಟು ನೋಡದೆ ಹೇಗೆ? ಅಂಬೇವಾಡಿಯಲ್ಲಿ ಸಮುದ್ರವೆಲ್ಲಿಂದ ಬರಬೇಕು! ಮಾವ ಪ್ರತಿ ಸಾಲಿನ ತೊಲೆಯಿಂದ ಒಂದೊಂದು ಚಕ್ಕೆಯನ್ನು ಕೆತ್ತಿ ತಂದು, ಯಾರಿಗೂ ಹೇಳದೆ, ಅತ್ತೆಯ ಮಾವಿನ ಉಪ್ಪಿನಕಾಯಿಯ ಭರಣಿಯೊಳಗೆ ಹುದುಗಿಸಿಟ್ಟ. ತಿಂಗಳಾದ ಮೇಲೆ ಮನೆಗೆ ಬಂದ ಬೀಗರಿಗೆ ಅತ್ತೆ ಉಪ್ಪಿನಕಾಯಿ ಬಡಿಸಿದಳು. ಬೀಗರು ಮರ್ಯಾದಸ್ಥರು. ಒಂದು ಹೋಳನ್ನು ಬಹಳ ಹೊತ್ತು ಅಗಿದು, 'ಹೋಳ ಸ್ವಲ್ಪ ಬಿರುಸು ಅದಾವ' ಎಂದಷ್ಟೇ ಅಂದರು. ಮಾವ ಮಾತ್ರ ಅವರ ಎಲೆಗೆ ಬಗ್ಗಿ, ಅಗಿದು ಬಿಟ್ಟದ್ದನ್ನು ಬೆಳಕಿಗೆ ಹಿಡಿದು ನೋಡಿ, ಹಲ್ಲಿನ ಗುರುತು ಬಿದ್ದಿಲ್ಲವೆಂದು ಸಂತೋಷಪಟ್ಟ! ಬೀಗರು ಹೋದ ಮೇಲೆ ಅತ್ತೆಯ ಸರದಿ. "ನಿಮ್ಮನ್ನೂ ಒಂದ ತಿಂಗಳ ಉಪ್ಪಿನಾಗ ಇಡತೇನಿ. ಮೆತ್ತಗ ಆಗತೀರೋ ಇಲ್ಲೋ ನೋಡೂಣು." ಮಾವ ಆ ಸೂಚನೆಯನ್ನು ಗಂಭೀರವಾಗಿ ಆಲೋಚಿಸಿದನೆಂದೇ ನನ್ನ ಹೆಂಡತಿಯ ಹೇಳಿಕೆ. ಸಾಹೇಬ ಸುದ್ದಿ ತಿಳಿದು ಚಕ್ಕೆಗಳನ್ನೂ ನೋಡಿದ, ಉಪ್ಪಿನಕಾಯಿಯನ್ನೂ ನೆಕ್ಕಿದ. ಚಕ್ಕೆ ಪಾಸಾಯಿತು, ಸಾಹೇಬ ಮಾತ್ರ ಕಣ್ಣು ಒರೆಸಿಕೊಳ್ಳುತ್ತ ಕೊಡ ನೀರು ಕುಡಿದ.

ಇನ್ನು ಗುರುತಿನ ವಿಷಯ. ಇಡೀ ಕಥೆ ಕೆಟ್ಟದ್ದು ಇಲ್ಲಿ. ಪಾಸಾದ ತೊಲೆಗೊಂದು, ನಾಪಾಸಾದುದಕ್ಕೊಂದು ಗುರುತು ಬೇಕೆಂದು ಸಾಹೇಬ ಕೇಳಿದ. ಮಾವ ಸುಣ್ಣದ ಬಟ್ಟಲಿನಲ್ಲಿ ಮೂರು ಬೆರಳು ಅದ್ದಿ, ಇರುವೆಯ ಸಂಸಾರವಿದ್ದ ಆ ತೊಲೆಯ ಮುಖದ ಮೇಲೆ ಅಡ್ಡಕ್ಕೆ ಮೂರು ಗೆರೆ ಎಳೆದ. ನಾಪಾಸಾದವಕ್ಕೆ ಮೂರು ಗೆರೆ. ಪಾಸಾದವಕ್ಕೆ ಏನೂ ಇಲ್ಲ. ಅದು ಥೇಟು ವಿಭೂತಿ. ಕೆಟ್ಟ ಕಟ್ಟಿಗೆಗೆ ವಿಭೂತಿ ಹಚ್ಚುವುದೆ ಎಂದು ಮಾಸ್ತರರು ಆಕ್ಷೇಪಿಸಿದರು. ಮಾವನ ತರ್ಕ ಸಿದ್ಧವಿತ್ತು:

"ತಾನ ಹಚ್ಚಿಕೊಂಡರ ಪೂಜಾ. ಮಂದಿ ಹಚ್ಚಿದರ ಮಣ್ಣಿಗೆ ಹೊಂಟಾನಂತ ತಿಳಕೋಬೇಕು. ಈ ತೊಲಿ ತಾನ ಹಚ್ಚಿಕೊಂಡೈತೇನ್ರಿ?"

ನಮ್ಮಲ್ಲಿ ತೀರಿಕೊಂಡವರಿಗೆ ವಿಭೂತಿ ಹಚ್ಚಿಯೇ ಮಣ್ಣು ಮಾಡುತ್ತಾರೆ. ಸಾಹೇಬ ತನ್ನ ಪುಸ್ತಕದಲ್ಲಿ ಮೂರು ಗೆರೆ ಬರೆದುಕೊಂಡು, ಹಡಗಿನ ಏರ್ಪಾಟಿಗೆಂದು ಮುಂಬಯಿಗೆ ಹೋದ. ಮಾವ ಇಪ್ಪತ್ಮೂರು ತೊಲೆಗಳಿಗೆ ಅಂತ್ಯಸಂಸ್ಕಾರ ಮಾಡಿ, ಮುಂದಿನ ಸರಕನ್ನು ನೋಡಲು ಜೋಯಿಡಾದ ಕಾಡಿಗೆ ನಾಲ್ಕು ದಿನ ಹೋದ. ನೋಡಿ, ಎಂಥ ಜಾಣ! ಇರುವೆಯ ಹೆಜ್ಜೆ ಕೇಳಿಸಿಕೊಳ್ಳಬಲ್ಲ ಈ ಮನುಷ್ಯನಿಗೆ ಎದುರಿಗಿದ್ದ ಒಂದು ವಿಷಯ ಹೊಳೆಯಲಿಲ್ಲ. ಅಡ್ಡೆಯ ಹಮಾಲರೆಲ್ಲ ಹಳಿಯಾಳದ ಹಳ್ಳಿಗಳವರು, ಧಾರವಾಡ, ಬೆಳಗಾವಿ ಕಡೆಯಿಂದ ಕೂಲಿಗೆ ಬಂದವರು. ಮುಂಜಾನೆ ಮಿಂದು ಹಣೆಯ ತುಂಬ ವಿಭೂತಿ ಧರಿಸದೆ ತುತ್ತು ಎತ್ತದವರು. ಕೆಲಸಕ್ಕೆ ನಿಂತ ಇಪ್ಪತ್ತು ಹಣೆಗಳ ಮೇಲೆ ಮೂರು ಗೆರೆ. ಬಿದ್ದ ತೊಲೆಗಳ ಮೇಲೂ ಅವೇ ಮೂರು ಗೆರೆ. ಅವರು ಏನೆಂದು ತಿಳಿಯಬೇಕು?

ಆದರೂ ಅವರು ಕೇಳಿದರು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಸ್ಮರಣ ಸಂಚಿಕೆಯ ಮಹನೀಯರು 'ಅನಕ್ಷರಸ್ಥ ಹಮಾಲರು' ಎಂದು ಬರೆದಿದ್ದಾರೆ. ಅನಕ್ಷರಸ್ಥರು ಕೇಳಿದರು, ಹೇಳಿದವನು ಅಕ್ಷರಸ್ಥ. ವ್ಯಾಗನ್ನು ಬಂದ ದಿನ ಅವರ ಮುಖಂಡ, ಏರಿಸುವ ತೊಲೆಗಳ ಪಟ್ಟಿ ಬರೆಯುತ್ತಿದ್ದ ಅಡ್ಡೆಯ ಕಾರಕೂನನ ಹತ್ತಿರ ಹೋಗಿ, ಈ ಗುರುತಿನ ಅರ್ಥವೇನೆಂದು ವಿಚಾರಿಸಿದ. ಕಾರಕೂನ ಪಟ್ಟಿಯಿಂದ ಕಣ್ಣೆತ್ತದೆ, "ವಿಭೂತಿ ಹಚ್ಯಾರಂದ್ರ ಪಾಸ್ ಆಗ್ಯಾವ. ಮದಲ ಅವನ್ನ ಏರಸ್ರಿ" ಎಂದ. ಆ ಇಪ್ಪತ್ಮೂರರ ಮುಂದೆ 'ಪಾಸು' ಎಂದು ದುಂಡಗೆ ಬರೆದು ಕೆಳಗೆ ಸಹಿ ಹಾಕಿದ.

ಮಾವ ಕಾಡಿನಿಂದ ಮರಳಿ ಅಂಬೇವಾಡಿಯಲ್ಲಿ ಇಳಿದದ್ದು ಮರುದಿನ ಮಧ್ಯಾಹ್ನ. ಅಳ್ನಾವರದಿಂದ ಬಂದ ಇಂಜಿನ್ನು ನೀರು ಕುಡಿಯುತ್ತಿತ್ತು. ಹಿಂದೆ ವ್ಯಾಗನ್ನುಗಳ ಮೇಲೆ ಅವನ ಇಪ್ಪತ್ಮೂರು ಹೆಣಗಳು, ಹಣೆಯ ವಿಭೂತಿಯೊಂದಿಗೆ, ಪರದೇಶ ಪ್ರವಾಸಕ್ಕೆ ಸಿದ್ಧವಾಗಿ ಮಲಗಿದ್ದವು. ಅವನು ಕೂಗಾಡಲಿಲ್ಲ. ಕೈಯ ಗಂಟನ್ನು ಕೆಳಗಿಟ್ಟು, ಚಕ್ರದ ಮೇಲೆ ಕಾಲಿಟ್ಟು ಹತ್ತಿ, ತೊಲೆಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

ಏಜೆಂಟ ಓಡಿ ಬಂದ. ವ್ಯಾಗನ್ನು ಇಂದು ಹೊರಡದಿದ್ದರೆ ಹಡಗು ತಪ್ಪುತ್ತದೆಂದ. ಗುರುತಿನ ಅರ್ಥ ತಿಳಿದ ಮೇಲೂ ಅವನ ಮಾತು ಬದಲಾಗಲಿಲ್ಲ. ಹಮಾಲರು ತಿಳಿಯದೆ ಏರಿಸಿದ್ದರು. ಇವನು ತಿಳಿದು ಕಳಿಸಲು ನಿಂತ. ನನ್ನ ಸಿಟ್ಟಿನ ಒಂದು ಪಾಲು ಈ ವ್ಯತ್ಯಾಸಕ್ಕೆ ಸಲ್ಲಬೇಕು.

"ಇಳೀರಿ ಮುದಕಪ್ಪಾ. ನೀರಾಗ ಹುಗದ ಮ್ಯಾಲ ಯಾರ ಬಡದ ನೋಡತಾರ?"

"ಹುಗಿಯೂದು ನೀರಾಗ. ನಿಂದರೂದು ಮಂದಿ."

"ಅವರೇನ ನಿಮ್ಮ ಬೀಗರೇನು?"

"ಬೀಗರಾಗಿದ್ದರ ಉಪ್ಪಿನಕಾಯಿ ತಿನಸತಿದ್ದೆ" ಎಂದ ಮಾವ. ಹಮಾಲರು ನಕ್ಕರು; ಅವನು ನಗಲಿಲ್ಲ. "ನಿಮ್ಮ ಮನೀ ಮಂದೀನ ಕರಕೊಂಡ ಬರ್ರಿ. ಈ ತೊಲಿ ಎರಡ ಕಲ್ಲಿನ ಮ್ಯಾಲ ಅಡ್ಡ ಇಡತೇನಿ. ಅವರನ್ನ ಮ್ಯಾಲ ನಿಂದರಿಸರಿ. ನಾ ಇಳೀತೇನಿ, ಗಾಡಿ ಹೋಗ್ಲಿ."

ಸ್ಟೇಶನ್ ಮಾಸ್ತರರು ಕೆಳಗಿನಿಂದ ಒಂದು ತೊಲೆಗೆ ಕಿವಿ ಹಚ್ಚಿದರು, ಮಾವ ಆ ತುದಿಯಲ್ಲಿ ಕೆರೆದ. ಮಾಸ್ತರರು ಎದ್ದು ನಿಂತು, ಏಜೆಂಟನ ಮುಖವನ್ನೇ ನೋಡದೆ, ಇಂಜಿನ್ನಿಗೆ ವ್ಯಾಗನ್ನು ಜೋಡಿಸಬೇಡಿರೆಂದು ಕೈಮಾಡಿದರು. ಇಪ್ಪತ್ಮೂರೂ ಅಂಬೇವಾಡಿಯಲ್ಲೇ ಇಳಿದವು. ಹಾಗಾದರೆ ಅವು ಹಡಗು ಹತ್ತಿದ್ದು ಯಾವಾಗ? ಧಕ್ಕೆಯನ್ನು ಮುರಿದದ್ದು ಹೇಗೆ? ಅಂಬೇವಾಡಿಯಲ್ಲಿ ಕೂತಲ್ಲಿಂದಲೇ ಮುರಿದವೆ? ರಾಮನಗರದವರೊಬ್ಬರು ಹಡಗಿನಲ್ಲಿ ಅಡುಗೆಯವರಾಗಿದ್ದರು. ಎಷ್ಟೋ ವರ್ಷಗಳ ಮೇಲೆ ಅದೇ ಧಕ್ಕೆಯ ಮೇಲೆ ಕೂತು ಬೀಡಿ ಸೇದಿ ಬಂದದ್ದಾಗಿ ನನಗೆ ಹೇಳಿದರು. ಮುರಿದ ಧಕ್ಕೆಯ ಮೇಲೆ ಬೀಡಿ ಸೇದುವ ವಿದ್ಯೆ ರಾಮನಗರದಲ್ಲಿ ಇರಲಿಕ್ಕಿಲ್ಲ.

ಆದರೆ ತಪ್ಪಿಹೋದ ಹಡಗಿಗೆ ಒಬ್ಬ ಹೊಣೆಗಾರ ಬೇಕಿತ್ತಲ್ಲ. ಏಜೆಂಟ ಪಟ್ಟಿ ತರಿಸಿದ. ಅದನ್ನು ಬಿಡಿಸುವ ಮೊದಲೇ, ಇವನ್ನು ಪಾಸೆಂದು ಬರೆದವನು ಯಾರೆಂದು ಕೇಳಿದ. ಕಾರಕೂನ ಅಲ್ಲೇ ಹತ್ತು ಹೆಜ್ಜೆಯಲ್ಲಿದ್ದ. ಅವನ ಬಾಯಿಂದ ಮಾತು ಹೊರಡಲಿಲ್ಲ. ಮಾವ ವ್ಯಾಗನ್ನಿನ ಮೇಲಿನಿಂದಲೇ ಕೈ ಚಾಚಿ, "ಕೊಡ್ರಿ ಇಲ್ಲೆ, ನೋಡೂಣು" ಎಂದು ಪಟ್ಟಿಯನ್ನು ಇಸಿದುಕೊಂಡ. ನಮಗೆಲ್ಲ ಬೆನ್ನು ತಿರುಗಿಸಿ ಕೂತು ಬಹಳ ಹೊತ್ತು ಓದಿದ. ಕಾಪಿ ಪೆನ್ಸಿಲನ್ನು ನಾಲಿಗೆಗೆ ತಗಲಿಸಿದ್ದು ಕಂಡಿತು. ಮರಳಿ ಕೊಡುತ್ತ ಅಂದ: "ಗುರುತ ನಂದ. ಪಾಸ್ ಅಂದಾವನೂ ನಾನ. ಸಹಿ ನೋಡಕೋರಿ."

ಅಂದು ಸಂಜೆಗೆ ಅವನ ಕೆಲಸ ಹೋಯಿತು. ಮುದುಕ ಕೊಳೆತ ತೊಲೆಗಳಿಗೆ ವಿಭೂತಿ ಹಚ್ಚಿ ಪಾಸು ಮಾಡಿದನೆಂದು ಏಜೆಂಟ ಮುಂಬಯಿಗೆ ಬರೆದ. ಸಾಹೇಬ ಈ ಕಡೆ ಮರಳಿ ಬರಲೇ ಇಲ್ಲ. ನಿಮ್ಮ ಚಹಾದಂಗಡಿಯ ಕಥೆಯ ಬೀಜ ಆ ಪತ್ರ. ಮುರಿದ ಧಕ್ಕೆ ಆಮೇಲೆ ಬಿಟ್ಟ ಕಾಯಿ. ಇದೆಲ್ಲದರಲ್ಲಿ ನನಗೆ ಹೆಚ್ಚು ಸಿಟ್ಟು ಯಾರ ಮೇಲೆ, ಸ್ಮರಣ ಸಂಚಿಕೆಯ ಮಹನೀಯರೆ? ನಿಮ್ಮ ಮೇಲಲ್ಲ. ಏಜೆಂಟನ ಮೇಲೂ ಅಲ್ಲ. ಬಡಿದು ನೋಡದೆ ಕುರ್ಚಿಯಲ್ಲಿ ಕೂರದ ಮನುಷ್ಯ ತನ್ನದಲ್ಲದ ತಪ್ಪಿನ ಮೇಲೆ ಹೋಗಿ ಅಷ್ಟು ನಿಶ್ಚಿಂತನಾಗಿ ಕೂತನಲ್ಲ, ಅವನ ಮೇಲೆ!

ಮಾವ ಸನವಳ್ಳಿಗೆ ಮರಳಿದ. ಬಾಗಿಲ ಚೌಕಟ್ಟುಗಳನ್ನು ಬಡಿಯುವುದನ್ನು ಬಿಡಲಿಲ್ಲ. ಮಂದಿ ನಗುವುದನ್ನೂ ಬಿಡಲಿಲ್ಲ. 'ವಿಭೂತಿ ಮುತ್ಯಾ' ಎಂದು ಹೆಸರಾಯಿತು. ಕರೆದರೆ 'ಓ' ಎನ್ನುತ್ತಿದ್ದ. ಇಪ್ಪತ್ಮೂರರಲ್ಲಿ ಒಂದು ತೊಲೆಯನ್ನು ಬಂಡಿಯಲ್ಲಿ ತರಿಸಿ ಹಿತ್ತಲಲ್ಲಿ ಹಾಕಿಸಿದ್ದ, ಯಾರಾದರೂ ಕೇಳಿದರೆ ತೋರಿಸಲೆಂದು. ಯಾರೂ ಕೇಳಲಿಲ್ಲ. ಕೊನೆಗೆ ಗೆದ್ದಲು ಆ ಸಾಕ್ಷಿಯನ್ನೂ ತಿಂದು ಮುಗಿಸಿತು.

ಅವನು ತೀರಿಕೊಂಡಾಗ ಮೂರು ಬೆರಳು ಅದ್ದಿ ಹಣೆಗೆ ವಿಭೂತಿ ಹಚ್ಚಿದವನು ನಾನು. ಗೆರೆ ಸೊಟ್ಟಗಾದವು. ಮಣ್ಣು ಮಾಡಿ ಬಂದ ಮೇಲೆ ಅತ್ತೆ ಒಳಗಿನಿಂದ ಅವನ ಹಳೆಯ ರುಮಾಲನ್ನು ತಂದು ನನ್ನ ಕೈಗೆ ಕೊಟ್ಟಳು. ಅದರ ಮಡಿಕೆಯಲ್ಲಿ ಆ ಪಟ್ಟಿ ಇತ್ತು. ತೊಲೆ ಇಳಿಸಿದ ಮೇಲೆ ರದ್ದಾದ ಕಾಗದವನ್ನು ಮಾಸ್ತರರಿಂದ ಕೇಳಿ ಇಸಿದುಕೊಂಡು ಬಂದಿದ್ದನಂತೆ. (ಈ 'ಅಂತೆ' ಅತ್ತೆಯದು, ಇದೊಂದನ್ನು ನಾನು ಪ್ರಶ್ನಿಸುವುದಿಲ್ಲ.)

"ನಿಮಗ ಕೊಡಬ್ಯಾಡ ಅಂದಿದ್ದ. ಸುಟ್ಟಬಿಡು ಅಂದಿದ್ದ" ಎಂದಳು ಅತ್ತೆ. "ನಾ ಯಾಕ ಸುಡಲಿ?"

ಮಾವ ನನಗೊಂದು ಕೆಲಸ ಹಚ್ಚಿಕೊಟ್ಟನೆಂದೆನಲ್ಲ, ಅದು ಅಂಬೇವಾಡಿಯ ಅಡ್ಡೆಯ ಕಾರಕೂನಿಕೆ. ಗುರುತು ಗೊತ್ತುಮಾಡಿದ ವಾರ ನಾನು ಮುಂಡಗೋಡದಲ್ಲಿ ಅಣ್ಣನ ಮನೆಯಲ್ಲಿ ಥಂಡಿಜ್ವರದಿಂದ ಮಲಗಿದ್ದೆ. ಮರಳಿ ಬಂದವನು, ಮಾವ ಕಾಡಿಗೆ ಹೊರಡುವ ಮುನ್ನ, ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಹಮಾಲರ ಎದುರಿಗೆ 'ನಮ್ಮ ಅಳಿಯನ ಅಕ್ಷರ ಛಂದ, ಬಡದರ ಸಪ್ಪಳ ಇಲ್ಲ' ಎಂದು ಅವನು ನಕ್ಕಿದ್ದನೆಂದು ತಿಂಗಳಿಂದ ನಾನು ಅವನೊಡನೆ ಮಾತು ಬಿಟ್ಟಿದ್ದೆ. ಅಂದು ಹತ್ತು ಹೆಜ್ಜೆಯಲ್ಲಿ ನಿಂತಿದ್ದಾಗಲೂ ನನ್ನಿಂದ ಸಪ್ಪಳ ಬರಲಿಲ್ಲ. ಮನೆಯಲ್ಲಿ ಹೆಂಡತಿಗೆ ಏಳು ತಿಂಗಳು. ನನ್ನ ಕೆಲಸ ಉಳಿಯಿತು.

ಆ ಪಟ್ಟಿ ಈಗಲೂ ನನ್ನ ಹತ್ತಿರವಿದೆ. ಅಂಬೇವಾಡಿಯಲ್ಲಿ ಸ್ಟೇಶನ್ನಿನ ಹಿಂದೆ ಬಂದು ಕೇಳಿದರೆ ಯಾರಾದರೂ ಮನೆ ತೋರಿಸುತ್ತಾರೆ. ನಾನಿಲ್ಲದಿದ್ದರೆ ನನ್ನ ಹೆಂಡತಿ ತೆಗೆದುಕೊಡುತ್ತಾಳೆ. ಹಗಲಲ್ಲೇ ಬನ್ನಿ. ಕಾಗದದ ಕೆಳಗೆ ನೇರಳೆ ಅಕ್ಷರದಲ್ಲಿ, ಒತ್ತಿ ಒತ್ತಿ ತಿದ್ದಿದ, ಮಾವನ ಸಹಿ ಇದೆ. ಅದನ್ನು ಹಾಗೆಯೇ ಎತ್ತಿ ಬಿಸಿಲಿಗೆ ಹಿಡಿಯಿರಿ. ನೇರಳೆಯ ಅಡಿಯಲ್ಲಿ ಕಪ್ಪು ಶಾಯಿಯ ಇನ್ನೊಂದು ಹೆಸರು ಕಾಣುತ್ತದೆ, ಅಕ್ಷರ ಬಹಳ ಛಂದ. ಈ ಬರಹದ ಕೆಳಗೆ ಅಚ್ಚಾಗುವ ಹೆಸರೇ ಅದು.